ಹಿಂದಿನ ಚಕ್ರಕ್ಕೆ 255/40 ಆಗ್ತದಾ? ಆಟೊಮೊಬೈಲ್ ಹಳೆ ವಿದ್ಯಾರ್ಥಿಗಳ ಗುಂಪಿನಿಂದ

ರೋಶನ್ (ರಾತ್ರಿ 8:12)
[ಫೋಟೊ: ಟೈರ್ ಅಂಗಡಿಯ ಕೊಟೇಶನ್]
ಇದನ್ನು ಸ್ವಲ್ಪ ನೋಡಿ ಹೇಳಿ. ಭಾವನ ಬಿಎಂಡಬ್ಲ್ಯೂ ಎಂ340ಐ. ಎದುರು 225/40 ಆರ್19, ಹಿಂದೆ 255/35 ಆರ್19. ಹಿಂದಿನ ಎರಡೂ ಮುಗಿದಿವೆ, ಟ್ರೆಡ್ (ಟೈರಿನ ಮೇಲಿನ ತೋಡುಗಳ ಆಳ) 2 ಮಿ.ಮೀ. ಉಳಿದಿರಬಹುದು. 255/35 ಬರ್ಲಿಕ್ಕೆ ಹತ್ತು ದಿನ ಬೇಕಂತೆ, 255/40 ಸ್ಟಾಕ್ ಉಂಟಂತೆ. ಅಗಲ ಅದೇ, ರಿಮ್ ಅದೇ 19, ಬರೀ ಐದರ ವ್ಯತ್ಯಾಸ, ಹೊಂಡಕ್ಕೂ ಒಳ್ಳೇದು ಅಂತ ಅಂಗಡಿಯವರು ಹೇಳ್ತಾರೆ. ನಾಳೆ ಬೆಳಿಗ್ಗೆ ಹಾಕಿಸುವುದು ಅಂತ ಇದ್ದಾರೆ.

ಪ್ರಸಾದ್ (8:14)
ಬೇಡ. ಈಗಲೇ ಫೋನ್ ಮಾಡಿ ನಿಲ್ಲಿಸು.

ಅಶ್ರಫ್ (8:17)
ಎಂತಕ್ಕೆ ಅಷ್ಟು ಗಡಿಬಿಡಿ ಮಾರಾಯ? ಒಂದು ಸೈಜ್ ಮೇಲಿನದ್ದು ಹಾಕುವುದು ಊರಿಡೀ ಉಂಟು. 255/35ರ ಸೈಡ್‌ವಾಲ್ 89 ಮಿ.ಮೀ. ಮಾತ್ರ, ಅಂದ್ರೆ ರಿಮ್ಮಿಂದ ರಸ್ತೆವರೆಗಿನ ರಬ್ಬರ್ ಅಷ್ಟೇ. ಮಳೆಗಾಲದಲ್ಲಿ ನೀರು ತುಂಬಿದ ಹೊಂಡ ಕಾಣುವುದಿಲ್ಲ, ಒಂದು ಸಲ ಬಿದ್ರೆ ಸೈಡ್ ಉಬ್ಬಿಯೇ ಬರ್ತದೆ, ರಿಮ್ ಸೊಟ್ಟ ಆಗ್ತದೆ. 40 ಹಾಕಿದ್ರೆ 102 ಮಿ.ಮೀ. ಸಿಗ್ತದೆ. ಅಂಗಡಿಯವರು ಹೇಳಿದ್ದರಲ್ಲಿ ಅರ್ಥ ಇಲ್ಲದೆ ಇಲ್ಲ.

ಸುಜಾತಾ (8:25)
ಅಶ್ರಫ್, ಹೊಂಡದ ಮಾತು ಸರಿ. ಆದ್ರೆ ಆ 13 ಮಿ.ಮೀ. ಕೆಳಗೆ ಒಂದು, ಮೇಲೆ ಒಂದು, ಎರಡು ಕಡೆ ಸೇರ್ತದೆ. 225, 255 ಅನ್ನುವುದು ಟೈರಿನ ಅಗಲ, ಮಿ.ಮೀ.ನಲ್ಲಿ; 35, 40 ಅನ್ನುವುದು ಮಿ.ಮೀ. ಅಲ್ಲ, ಸೈಡಿನ ಎತ್ತರ ಆ ಅಗಲದ ಎಷ್ಟು ಶೇಕಡಾ ಅಂತ. ಲೆಕ್ಕ ಹಾಕಿ ನೋಡಿ. 19 ಇಂಚಿನ ರಿಮ್ ಅಂದ್ರೆ 482.6 ಮಿ.ಮೀ.
ಎದುರು 225/40: 482.6 + 90 + 90 = 662.6
ಹಿಂದೆ 255/35: 482.6 + 89.25 + 89.25 = 661.1
ಹಿಂದೆ 255/40: 482.6 + 102 + 102 = 686.6
ಕಂಪನಿ ಕೊಟ್ಟ ಜೋಡಿಯಲ್ಲಿ ವ್ಯಾಸದ ವ್ಯತ್ಯಾಸ ಒಂದೂವರೆ ಮಿ.ಮೀ. ಅಂಗಡಿಯ ಜೋಡಿಯಲ್ಲಿ 24 ಮಿ.ಮೀ., ಅಂದ್ರೆ ಶೇ. 3.6. ಒಂದು ಕಿ.ಮೀ.ಗೆ ಹಿಂದಿನ ಚಕ್ರ ಎದುರಿನದ್ದಕ್ಕಿಂತ ಸುಮಾರು 17 ಸುತ್ತು ಕಮ್ಮಿ ತಿರುಗ್ತದೆ. ಮಂಗಳೂರಿಂದ ಉಡುಪಿಗೆ 55 ಕಿ.ಮೀ. ಅಂತ ಹಿಡಿದ್ರೂ ಒಂದು ಓಟಕ್ಕೆ ಒಂಬೈನೂರು ಸುತ್ತಿನ ಮೇಲೆ ವ್ಯತ್ಯಾಸ.

ಅಶ್ರಫ್ (8:28)
ತಿರುಗ್ಲಿ. ಎದುರಿಂದು ಎದುರಿಗೆ, ಹಿಂದಿಂದು ಹಿಂದೆ. ಹಿಂದಿನ ಚಕ್ರ ಓಡಿಸುವ ಎಷ್ಟೋ ಕಾರಲ್ಲಿ ಹಿಂದೆ ದೊಡ್ಡ ಟೈರ್ ಇರ್ತದಲ್ಲ?

ಪ್ರಸಾದ್ (8:39)
ಅದೇ ವಿಷಯ. ಇದು ಬರೀ ಹಿಂದಿನ ಚಕ್ರದ ಗಾಡಿ ಅಲ್ಲ, ನಾಲ್ಕೂ ಚಕ್ರಕ್ಕೆ ಬಲ ಕೊಡುವ ಎಕ್ಸ್‌ಡ್ರೈವ್. ಎಂಜಿನ್ ಬಲ ಹಿಂದಕ್ಕೆ ನೇರ ಹೋಗ್ತದೆ. ಎದುರಿಗೆ ಹೋಗುವುದು ಬಲ ಹಂಚುವ ಪೆಟ್ಟಿಗೆ, ಅಂದ್ರೆ ಟ್ರಾನ್ಸ್‌ಫರ್ ಕೇಸ್ ಒಳಗಿನ ಮಲ್ಟಿಪ್ಲೇಟ್ ಕ್ಲಚ್ ಮೂಲಕ. ಒಂದು ಸಣ್ಣ ಮೋಟರ್ ಆ ಪ್ಲೇಟುಗಳನ್ನು ಬೇಕಾದಷ್ಟು ಒತ್ತುತ್ತದೆ. ಪ್ಲೇಟ್ ಒತ್ತಿ ಹಿಡಿದಾಗ ಎದುರಿನ ಶಾಫ್ಟೂ ಹಿಂದಿನ ಶಾಫ್ಟೂ ಒಂದೇ ವೇಗದಲ್ಲಿ ತಿರುಗ್ಬೇಕು. ಈಗ ಹಿಂದೆ ದೊಡ್ಡ ಟೈರ್ ಹಾಕಿದ್ದೀರಿ. ರಸ್ತೆ ಎದುರಿನ ಚಕ್ರವನ್ನು ಶೇ. 3.6 ಜೋರಾಗಿ ತಿರುಗಿಸ್ತದೆ, ಕ್ಲಚ್ ಅದನ್ನು ಹಿಂದಕ್ಕೆ ಎಳೀತದೆ. ಪ್ಲೇಟ್ ಜಾರಲೇಬೇಕು, ಇಲ್ಲದಿದ್ರೆ ಟೈರ್ ಜಾರ್ಬೇಕು. ನೇರ ರಸ್ತೆಯಲ್ಲೂ ಇದು ನಿಲ್ಲುವುದಿಲ್ಲ. ಎಣ್ಣೆ ಬಿಸಿಯಾಗಿ ಕೆಡ್ತದೆ, ಪ್ಲೇಟ್ ಸವೀತದೆ. ಕಡೆಗೆ ಪಾರ್ಕಿಂಗಿನಲ್ಲಿ ಸ್ಟೇರಿಂಗ್ ಪೂರ್ತಿ ತಿರುಗಿಸಿ ನಿಧಾನ ತಿರುಗುವಾಗ ಗಾಡಿ ತಡವರಿಸಿದ ಹಾಗೆ ಜಗ್ಗಲಿಕ್ಕೆ ಶುರು.

ಇನ್ನೊಂದು ಉಂಟು, ನನಗೆ ಹೆಚ್ಚು ಹೆದರಿಕೆ ಇದರದ್ದು. ಎಕ್ಸಲರೇಟರ್ ಒತ್ತಿದಾಗ ಎದುರಿನ ಚಕ್ರ ಎಳೀಬೇಕಾದ್ರೆ, ಮೊದಲು ಹಿಂದಿನ ಚಕ್ರ ಶೇ. 3.6ಕ್ಕಿಂತ ಹೆಚ್ಚು ಜಾರ್ಬೇಕು. ಅಲ್ಲಿಯವರೆಗೆ ಎದುರಿನ ಚಕ್ರಕ್ಕೆ ಸಿಗುವುದು ಎಳೆತ ಅಲ್ಲ, ಸಣ್ಣ ಬ್ರೇಕ್. ಶಿರಾಡಿ ಘಾಟಿಯಲ್ಲಿ ಮಳೆಗೆ ತಿರುವಿಂದ ಹೊರಗೆ ಬರುವಾಗ ಯಾವ ಕೆಲಸಕ್ಕೆ ನಾಲ್ಕು ಚಕ್ರದ ಗಾಡಿ ತೆಗೊಂಡದ್ದೋ, ಆ ಕೆಲಸವೇ ಅಲ್ಲಿ ಆಗುವುದಿಲ್ಲ. ಅದರ ಮೇಲೆ ಎಬಿಎಸ್, ಸ್ಟೆಬಿಲಿಟಿ ಕಂಟ್ರೋಲ್ ಎರಡೂ ಚಕ್ರದ ವೇಗ ನೋಡಿಯೇ ತೀರ್ಮಾನ ಮಾಡುವುದು. ಅವಕ್ಕೆ ಹಿಂದಿನ ಎರಡು ಚಕ್ರ ದಿನಾ ನಿಧಾನ ಅಂತಲೇ ಕಾಣ್ತದೆ.

ರೋಶನ್ (8:41)
ಭಾವನಿಗೆ ಫೋನ್ ಮಾಡಿದೆ. ನಾಳೆ ಹಾಕಿಸುವುದಿಲ್ಲ. ಆದ್ರೆ ಅವರು ಕೇಳ್ತಾರೆ, ಹಾಗಾದ್ರೆ ನಾಲ್ಕೂ ಒಂದೇ ಸೈಜ್ ಹಾಕ್ಬೇಕಾ?

ಸುಜಾತಾ (8:46)
ಹಾಕ್ಬೇಕು ಅಂತ ಇಲ್ಲ. ಅಗಲ ಬೇರೆ ಇರ್ಬಹುದು, ಸುತ್ತಳತೆ ಹೊಂದ್ಬೇಕು. ನಿಸಾನ್ ಜಿಟಿ-ಆರ್ ಆರ್35 ನೋಡಿ, ಅದೂ ನಾಲ್ಕು ಚಕ್ರದ್ದೇ. ಎದುರು 255/40 ಆರ್20, ಹಿಂದೆ 285/35 ಆರ್20. 712 ಮತ್ತು 707.5. ಅಗಲದಲ್ಲಿ 30 ಮಿ.ಮೀ. ಬೇರೆ, ವ್ಯಾಸದಲ್ಲಿ ನಾಲ್ಕೂವರೆ ಮಾತ್ರ. ಅಗಲ ಹೆಚ್ಚಿಸಿದಾಗ ಪ್ರೊಫೈಲ್, ಅಂದ್ರೆ ಆ ಶೇಕಡಾ, ಇಳಿಸಿದ್ದೇ ಅದಕ್ಕೆ. ಅಂಗಡಿಯವರು ಆ ಇಳಿಕೆಯನ್ನು ತೆಗೆದುಹಾಕ್ಲಿಕ್ಕೆ ಹೊರಟದ್ದು.

ಹರೀಶಣ್ಣ (8:58)
ಒಂದು ನಿಮಿಷ. ನಿಮ್ಮ ನಿಯಮಕ್ಕೆ ಪೋರ್ಷೆ ಹೊಂದುವುದಿಲ್ಲವಲ್ಲ. 992 ತಲೆಮಾರಿನ 911 ಕರೇರಾ 4ಎಸ್. ಎದುರು 245/35 ಆರ್20, ಹಿಂದೆ 305/30 ಆರ್21. ರಿಮ್ಮೇ ಬೇರೆ. 679.5 ಮತ್ತು 716.4, ಶೇ. 5ಕ್ಕಿಂತ ಹೆಚ್ಚು. ಅದೂ ನಾಲ್ಕು ಚಕ್ರದ ಗಾಡಿ. ಅದರ ಕ್ಲಚ್ ಯಾಕೆ ಸುಟ್ಟುಹೋಗುವುದಿಲ್ಲ?

ಪ್ರಸಾದ್ (9:07)
ಒಳ್ಳೆ ಪ್ರಶ್ನೆ ಹರೀಶಣ್ಣ. ಅಲ್ಲಿ ಎದುರಿನ ಎರಡು ಚಕ್ರಕ್ಕೆ ಬಲ ಹಂಚುವ ಡಿಫರೆನ್ಷಿಯಲ್‌ನ ಗೇರ್ ಅನುಪಾತವನ್ನೇ ಆ ವ್ಯಾಸಕ್ಕೆ ಸರಿಯಾಗಿ ಮೊದಲೇ ಇಟ್ಟಿರ್ತಾರೆ. ಚಕ್ರದ ವೇಗ ಬೇರೆ ಇದ್ರೂ ಕ್ಲಚ್ಚಿನ ಎರಡು ಬದಿಗೆ ಬರುವ ವೇಗ ಹೆಚ್ಚುಕಮ್ಮಿ ಒಂದೇ. ಹಾಗಾಗಿ ನಿಯಮ ಹೀಗೆ ಹೇಳ್ಬೇಕು: ಕಂಪನಿ ಇಟ್ಟ ಅನುಪಾತದಿಂದ ಆಚೀಚೆ ಆಗ್ಬಾರ್ದು. ಆ ಪೋರ್ಷೆಗೆ ನಾಲ್ಕೂ ಒಂದೇ ವ್ಯಾಸದ್ದು ಹಾಕಿದ್ರೆ ಹಾಳಾಗುವುದು ಅದೇ. ಈ ಎಂ340ಐಯಲ್ಲಿ ಅನುಪಾತ ಒಂದಕ್ಕೊಂದು, ಅದನ್ನು ಶೇ. 1ರ ಒಳಗೆ ಹಿಡಿಯುವುದು ನನ್ನ ಲೆಕ್ಕ.

ಹರೀಶಣ್ಣ (9:08)
ಒಪ್ಪಿದೆ.

ಅಶ್ರಫ್ (9:15)
ಸರಿ, 40 ಬಿಟ್ಟೆ. ಆದ್ರೆ ನಾಲ್ಕೂ ಒಂದೇ ಸೈಜಿನ ಮಾತು ಬಿಡುವುದಿಲ್ಲ. ಎದುರು-ಹಿಂದೆ ಬೇರೆ ಸೈಜ್ ಇದ್ರೆ ಅದಲು ಬದಲು ಮಾಡ್ಲಿಕ್ಕೆ ಆಗುವುದಿಲ್ಲ, ಹಿಂದಿನದ್ದು ಬೇಗ ಮುಗೀತದೆ. ಎದುರು 225 ಇಟ್ಟದ್ದರಿಂದ ತಿರುವಲ್ಲಿ ಗಾಡಿಯ ಮೂತಿ ಹೊರಗೆ ಹೋಗ್ತದೆ. ನಾಲ್ಕೂ 255/35 ಹಾಕಿದ್ರೆ ಎರಡೂ ಸಮಸ್ಯೆ ಮುಗೀತಲ್ಲ, ಸುತ್ತಳತೆಯೂ ಒಂದೇ.

ಸುಜಾತಾ (9:24)
ರಿಮ್ ಅಗಲ ನೋಡಿದ್ಯಾ? ಎದುರಿನ ರಿಮ್ 8ಜೆ, ಅಂದ್ರೆ 8 ಇಂಚು ಅಗಲ, ಹಿಂದಿನದ್ದು 8.5ಜೆ. 255/35ಕ್ಕೆ ಕಮ್ಮಿ ಅಂದ್ರೆ 8.5ಜೆ ಬೇಕು. 8ಜೆಗೆ ಹಾಕಿದ್ರೆ ಸೈಡ್‌ವಾಲ್ ಒಳಗೆ ಬಾಗಿ ಬಲೂನ್ ಹಾಗೆ ನಿಲ್ತದೆ, ತಿರುವಲ್ಲಿ ಮೊದಲು ಅದೇ ಅಲುಗುವುದು. ನೀನು ಕೇಳುವ ಗಟ್ಟಿ ಮೂತಿ ಅಲ್ಲಿ ಸಿಗ್ಲಿಕ್ಕಿಲ್ಲ.

ಅಶ್ರಫ್ (9:27)
ಹಾಗಾದ್ರೆ 245/35. ಅದು 8ಜೆಯಿಂದಲೇ ಕೂತ್ಕೊಳ್ತದೆ, ಎರಡೂ ರಿಮ್ಮಿಗೆ ಆಯ್ತು. ವ್ಯಾಸ 654.1, ನಾಲ್ಕಕ್ಕೂ ಒಂದೇ.

ಪ್ರಸಾದ್ (9:36)
ಸುತ್ತಳತೆಯ ಮಟ್ಟಿಗೆ ಪಾಸ್. ಸ್ಪೀಡೊಮೀಟರ್ ಶೇ. 1ರಷ್ಟು ಜಾಸ್ತಿ ತೋರಿಸ್ತದೆ, ಅದು ದೊಡ್ಡದಲ್ಲ. ಸಿಕ್ಕಿಬೀಳುವುದು ಭಾರದಲ್ಲಿ. ಹಿಂದಿನ 255/35ರ ಮೇಲೆ 96 ವೈ ಅಂತ ಇರ್ತದೆ. 96 ಅಂದ್ರೆ ಒಂದು ಟೈರಿಗೆ 710 ಕಿಲೊ, ವೈ ಅಂದ್ರೆ ಗಂಟೆಗೆ 300 ಕಿ.ಮೀ. 245/35 ಆರ್19 ಸಾಮಾನ್ಯ ಬರುವುದು 93ರಲ್ಲಿ, ಅದು 650 ಕಿಲೊ. ಒಂದು ಚಕ್ರಕ್ಕೆ 60, ಹಿಂದಿನ ಆ್ಯಕ್ಸಲ್‌ಗೆ 120 ಕಿಲೊ ಕಮ್ಮಿ. ಹಿಂದೆ ಮೂರು ಜನ ಕೂತು ಡಿಕ್ಕಿ ತುಂಬಿಸಿ ಘಾಟಿ ಹತ್ತುವ ಗಾಡಿಗೆ ಅದನ್ನು ನಾನು ಹೇಳ್ಲಿಕ್ಕಿಲ್ಲ. ಬಾಗಿಲ ಕಂಬದ ಸ್ಟಿಕ್ಕರಿನಲ್ಲಿ ಕೊಟ್ಟ ನಂಬರಿಗಿಂತ ಕೆಳಗೆ ಇಳೀಬಾರ್ದು.

ನಾಲ್ಕೂ ಒಂದೇ ಬೇಕೇ ಅಂದ್ರೆ ಮೊದಲು ನಾಲ್ಕು ರಿಮ್ ಬದಲಾಗ್ಬೇಕು. ಆಫ್‌ಸೆಟ್ (ರಿಮ್ ಒಳಗೆ-ಹೊರಗೆ ಕೂರುವ ಅಳತೆ) ತಪ್ಪಿದ್ರೆ ಎದುರಿನ ಟೈರ್ ಒಳಗೆ ಸಸ್ಪೆನ್ಷನ್ನಿನ ಸ್ಟ್ರಟ್ಟಿಗೆ, ಹೊರಗೆ ಮಡ್‌ಗಾರ್ಡ್ ಲೈನರಿಗೆ ತಾಗ್ತದೆ. ಸ್ಟೇರಿಂಗ್ ಎರಡೂ ಕಡೆ ಪೂರ್ತಿ ತಿರುಗಿಸಿ ನೋಡದೆ ರಸ್ತೆಗೆ ಇಳಿಸ್ಲೇಬಾರ್ದು. ಟ್ರ್ಯಾಕಿಗೆ ಹೋಗುವವರಿಗೆ ಅದು ಬೆಲೆಬಾಳುವ ಕೆಲಸ. ಮೂತಿ ಹೊರಗೆ ಹೋಗುವುದು ಕಂಪನಿ ಬೇಕಂತಲೇ ಇಟ್ಟದ್ದು, ಹಿಂದೆ ಜಾರುವುದಕ್ಕಿಂತ ಅದು ಸಾಮಾನ್ಯ ಚಾಲಕನಿಗೆ ಸುರಕ್ಷಿತ.

ಅಶ್ರಫ್ (9:40)
ಲೋಡ್ ನಂಬರ್ ನಾನು ನೋಡ್ಲಿಲ್ಲ. ಅದು ತಪ್ಪೇ.

ಸುಜಾತಾ (9:43)
ಇದೇ ಮಾತಿಗೆ ಇನ್ನೊಂದು. ವರ್ಟಸ್, ಸ್ಲಾವಿಯಾ ಥರದ ಎದುರಿನ ಚಕ್ರ ಎಳೆಯುವ ಕಾರಿಗೆ ಹಿಂದೆ ಮಾತ್ರ ಅಗಲ ಟೈರ್ ಹಾಕುವವರು ಉಂಟು. ಚಂದ ಕಾಣ್ತದೆ, ಅಷ್ಟೇ. ಎಳೆತ, ಸ್ಟೇರಿಂಗ್, ಬ್ರೇಕಿನ ದೊಡ್ಡ ಪಾಲು ಮೂರೂ ಎದುರಿರುವ ಗಾಡಿ. ಪೊಕ್ಕಡೆ ಖರ್ಚು.

ರೋಶನ್ (9:50)
ಹಾಗಾದ್ರೆ ಹಿಂದೆ 255/35 ಎರಡು ಹೊಸತು. ಎದುರಿನದ್ದು ಈಗ ಡೆಪ್ತ್ ಗೇಜ್ ಇಟ್ಟು ನೋಡಿದ್ರು, 4 ಮಿ.ಮೀ. ಉಂಟು. ಅದು ನಡೀತದಾ?

ಸುಜಾತಾ (9:58)
ಹೊಸ ಟೈರಿನ ಟ್ರೆಡ್ 7 ಮಿ.ಮೀ. ಅಂತ ಹಿಡಿ. ಎದುರು 3 ಸವೆದಿದೆ, ವ್ಯಾಸದಲ್ಲಿ 6. ಅಂದ್ರೆ ಎದುರು ಈಗ 656.6, ಹಿಂದೆ ಹೊಸತು 661.1. ಕಂಪನಿಯ ಅನುಪಾತದಿಂದ 6 ಮಿ.ಮೀ. ಆಚೆ ಹೋಯ್ತು, ಶೇ. 0.9. ಪ್ರಸಾದನ ಗೆರೆಯ ಒಳಗೆ, ಅಂಚಿನಲ್ಲಿ. ಎದುರಿನದ್ದು ಇನ್ನು 3ಕ್ಕೆ ಇಳಿದ್ರೆ ಗೆರೆ ದಾಟ್ತದೆ. ಅದೇ 255/40 ಹಾಕಿದ್ದಿದ್ರೆ ಇವತ್ತೇ 30 ಮಿ.ಮೀ. ವ್ಯತ್ಯಾಸ.

ಪ್ರಸಾದ್ (10:09)
ಲೆಕ್ಕ ನಂಬಿ ಕೂರ್ಬೇಡಿ, ಅಳೀರಿ. ಒಂದೇ ನಂಬರ್ ಇದ್ರೂ ಬ್ರ್ಯಾಂಡಿಂದ ಬ್ರ್ಯಾಂಡಿಗೆ ಕೆಲವು ಮಿ.ಮೀ. ಬೇರೆ ಬರ್ತದೆ. ಇಂಟರ್‌ಲಾಕ್ ಹಾಕಿದ ಅಂಗಳ ಸಾಕು, ಇಳಿಜಾರು ಇರ್ಬಾರ್ದು. ಟೈರ್ ತಣ್ಣಗಿರುವಾಗ ಸ್ಟಿಕ್ಕರಿನಲ್ಲಿ ಇದ್ದಷ್ಟೇ ಗಾಳಿ ತುಂಬಿಸಿ. ಒಬ್ಬರು ಸ್ಟೇರಿಂಗ್ ನೇರ ಹಿಡಿದು ಕೂರಿ, ಗಾಡಿ ನ್ಯೂಟ್ರಲ್. ಎದುರಿನ ಮತ್ತು ಹಿಂದಿನ ಟೈರಿನ ಸೈಡ್‌ವಾಲಿನಲ್ಲಿ, ನೆಲಕ್ಕೆ ತಾಗುವ ಜಾಗದ ಸರಿ ಮೇಲೆ, ಸೀಮೆಸುಣ್ಣದ ಗೆರೆ. ಅದರ ಕೆಳಗೆ ನೆಲಕ್ಕೂ ಒಂದು ಗೆರೆ. ನಿಧಾನ ದೂಡಿ. ಟೈರಿನ ಗೆರೆ ಎರಡು ಸುತ್ತು ಬಂದು ಮತ್ತೆ ಕೆಳಗೆ ಬಂದಾಗ ನೆಲದಲ್ಲಿ ಇನ್ನೊಂದು ಗೆರೆ. ಟೇಪ್ ಹಿಡಿದು ಅಳೆದು ಎರಡರಿಂದ ಭಾಗಿಸಿ. ಭಾರಕ್ಕೆ ಟೈರ್ ಕುಗ್ಗಿರುವುದರಿಂದ ಲೆಕ್ಕದ ಸುತ್ತಳತೆ 2080 ಮಿ.ಮೀ.ಗಿಂತ ಕಮ್ಮಿಯೇ ಬರ್ತದೆ, ಅದು ಸರಿಯೇ. ನೋಡ್ಬೇಕಾದ್ದು ಎದುರು-ಹಿಂದಿನ ವ್ಯತ್ಯಾಸ. 20 ಮಿ.ಮೀ. ದಾಟಿದ್ರೆ ನಾಲ್ಕೂ ಬದಲಿಸಿ.

ಹರೀಶಣ್ಣ (10:13)
ಟೈರಿನ ಮೇಲೆ ನಕ್ಷತ್ರದ ಗುರುತು ಉಂಟಾ ನೋಡಿ. ಅದು ಬಿಎಂಡಬ್ಲ್ಯೂ ಒಪ್ಪಿದ ಟೈರಿನ ಗುರುತು, ಅದೇ ನಂಬರಿನ ಬೇರೆ ಟೈರಿಗೆ ಅದು ಇರ್ಲಿಕ್ಕಿಲ್ಲ. ಎದುರು ರನ್‌ಫ್ಲ್ಯಾಟ್ (ಗಾಳಿ ಹೋದ್ರೂ ಸ್ವಲ್ಪ ದೂರ ಓಡುವ ಟೈರ್) ಇದ್ರೆ ಹಿಂದೆಯೂ ರನ್‌ಫ್ಲ್ಯಾಟೇ ತರಿಸಿ.

ರೋಶನ್ (10:16)
ಈಗ ಬರೆದುಕೊಂಡೆ: 255/35 ಆರ್19, 96 ವೈ, ನಕ್ಷತ್ರದ ಗುರುತು, ರನ್‌ಫ್ಲ್ಯಾಟ್, ಎರಡು. ಹತ್ತು ದಿನ ಕಾಯುವುದು. ಅಲ್ಲಿಯವರೆಗೆ ಗಾಡಿ ಓಡಿಸ್ಬಹುದಾ?

ಪ್ರಸಾದ್ (10:19)
ಹಿಂದೆ 2 ಮಿ.ಮೀ. ಇಟ್ಟುಕೊಂಡು ಮಳೆಗೆ ಹೆದ್ದಾರಿ ಬೇಡ. 1.6 ಅನ್ನುವುದು ಕಾನೂನಿನ ಗೆರೆ, ನೀರಿಗೆ ಅದು ಸಾಲದು. ಅಗಲ ಟೈರ್ ಇದ್ದಷ್ಟು ನೀರಿನ ಮೇಲೆ ತೇಲುವುದು ಬೇಗ. ಪೇಟೆ ಒಳಗೆ ನಿಧಾನ ಹೋಗ್ಲಿ.

ಅಶ್ರಫ್ (10:24)
ರೋಶನ್, ಬಾಗಿಲ ಕಂಬದ ಸ್ಟಿಕ್ಕರಿನ ಫೋಟೊ ಕಳಿಸು, ನಾಳೆ ನಾನು ಡೀಲರಿಗೆ ಕೇಳ್ತೇನೆ. ಬಂದ ಟೈರ್ ಇಳಿಸುವ ಮೊದಲು ಸೈಡಿನ ನಾಲ್ಕು ಅಂಕಿ ನೋಡ್ಬೇಕು. ಮೊದಲಿನ ಎರಡು ವಾರ, ಕಡೆಯ ಎರಡು ವರ್ಷ. 1225 ಅಂದ್ರೆ 2025ರ 12ನೇ ವಾರ. ಎರಡು ಟೈರಿನದ್ದೂ ಹತ್ತಿರ ಹತ್ತಿರ ಇರ್ಲಿ.

ರೋಶನ್ (10:31)
[ಫೋಟೊ: ಬಾಗಿಲ ಕಂಬದ ಸ್ಟಿಕ್ಕರ್]