ಸಹಾಯ ಬೇಕು: 48 ಗಂಟೆಯಲ್ಲಿ ಮಾಡಿದ ಗೇಮ್, ಜಿಗಿತದ್ದೇ ತಕರಾರು

ಎಲ್ಲರಿಗೂ ನಮಸ್ಕಾರ. ಲುಡಮ್ ಡೇರ್ ಅನ್ನೋ ಆನ್‌ಲೈನ್ ಗೇಮ್ ತಯಾರಿ ಸ್ಪರ್ಧೆಯ ಕಾಂಪೋ ವಿಭಾಗಕ್ಕೆ ಅಂತ ಗೊಡಾಟ್‌ನಲ್ಲಿ (ಗೇಮ್ ಮಾಡುವ ಸಾಫ್ಟ್‌ವೇರ್) ಒಂದು ಪುಟ್ಟ ಗೇಮ್ ಮಾಡಿದೆ. 48 ಗಂಟೆ, ಒಬ್ಬರೇ, ಚಿತ್ರ ಸದ್ದು ಎಲ್ಲ ನಾವೇ ಮಾಡಬೇಕು. ಅಡಿಕೆ ಕೊಯ್ಯುವ ಕೊನೆಗಾರನೊಬ್ಬ ತಾನು ಹತ್ತಿದ ಮರವನ್ನು ತೂಗಿಸಿ ಪಕ್ಕದ ಮರಕ್ಕೆ ದಾಟುತ್ತಾನೆ, ಅಷ್ಟೇ ಆಟ.

ಆಡಿದವರಲ್ಲಿ ಹೆಚ್ಚಿನವರು ಹೇಳಿದ್ದು ಒಂದೇ: "ಬಟನ್ ಒತ್ತಿದೆ, ಆದ್ರೂ ಬಿದ್ದ." ನನಗೆ ಹಾಗೆ ಆಗುವುದೇ ಇಲ್ಲ. ನೂರಾರು ಸಲ ಆಡಿ ಕೈ ಪಳಗಿದೆ, ಅಲ್ವಾ! ತಮ್ಮನ ಕೈಗೆ ಕೊಟ್ಟು ಸುಮ್ನೆ ನೋಡಿದೆ. ಮೂರನೇ ಮರದಲ್ಲಿ ಏಳು ಸಲ ಬಿದ್ದ. ಪ್ರತಿ ಸಲವೂ ಒತ್ತಿದ್ದು ಕೂದಲೆಳೆಯಷ್ಟು ತಡವಾಗಿ.

ಕಯೋಟಿ ಟೈಮ್ ಹಾಕೋಣ ಅಂತಿದ್ದೇನೆ, ಅಂದರೆ ಜಿಗಿಯುವ ಗಳಿಗೆ ದಾಟಿದ ಮೇಲೂ 0.1 ಸೆಕೆಂಡ್ ವಿನಾಯಿತಿ. 60 ಎಫ್‌ಪಿಎಸ್‌ನಲ್ಲಿ (ಸೆಕೆಂಡಿಗೆ 60 ಫ್ರೇಮ್, ಅಂದರೆ ಪರದೆಯ ಚಿತ್ರ) 6 ಫ್ರೇಮ್. ಜಾಸ್ತಿ ಆದರೆ ಆಟ ಸಪ್ಪೆಯಾಗುತ್ತಾ? ಇಲ್ಲಾ ಮರದ ತೂಗಾಟವನ್ನೇ ನಿಧಾನ ಮಾಡಲಾ?

ಮೊಬೈಲ್‌ನಲ್ಲಿ ಹತ್ತು ನಿಮಿಷ ಆಡಿ ನೋಡುವವರು ಬೇಕು. "ಚೆನ್ನಾಗಿದೆ" ಅಂದರೆ ಖುಷಿಯೇ, ಆದರೆ ಎಲ್ಲಿ ಬಿದ್ದಿರಿ, ಎಲ್ಲಿ ಬೇಜಾರಾಗಿ ಬಿಟ್ಟಿರಿ ಅಂತ ಹೇಳಿದರೆ ಇನ್ನೂ ಉಪಕಾರ. ಬೈದರೂ ಪರವಾಗಿಲ್ಲ. ಕಮೆಂಟ್ ಹಾಕಿ, ಲಿಂಕ್ ಕಳಿಸುತ್ತೇನೆ.