ಸಹಾಯ ಬೇಕು: ಜನವರಿಯಲ್ಲಿ ಚೋಪ್ತಾಕ್ಕೆ, ಹಕ್ಕಿ ನೋಡಲು

ನಮಸ್ಕಾರ. ನಾನು ಕಾಸರಗೋಡಿನ ಬದಿಯಡ್ಕ ಕಡೆಯವನು. ಚಳಿಗಾಲ ಅಂದ್ರೆ ನಮಗೆ ಅಡಿಕೆ ತೋಟದಲ್ಲಿ ತರಗೆಲೆ ಮಗುಚಿ ಹುಳ ಹೆಕ್ಕುವ ನವರಂಗ ಹಕ್ಕಿ. ಈ ಸಲ ಉತ್ತರಾಖಂಡದ ಚೋಪ್ತಾಕ್ಕೆ ಹೋಗುವ ಅಂತ ಇದೆ. ಮೊನಾಲ್ ಹಕ್ಕಿಗಳು ಚಳಿಗೆ ಮೇಲಿನ ಬೆಟ್ಟದಿಂದ ಕಾಡಿಗೆ ಇಳಿದು, ಕೊಕ್ಕಿನಿಂದಲೇ ಹಿಮ ಬಗೆದು ಗಡ್ಡೆ ತಿನ್ನುತ್ತವೆ. ಅದನ್ನು ಕಣ್ಣಾರೆ ನೋಡಬೇಕು.

ಹೋಗಿ ಬಂದವರು ಇದ್ದೀರಾ? ಹಿಮ ಜಾಸ್ತಿ ಬಿದ್ದರೆ ಉಖೀಮಠದಿಂದ ಮೇಲೆ ಜೀಪು ಹೋಗುತ್ತಾ, ನಡೆಯಬೇಕಾ? ಚಳಿಗೆ ಕ್ಯಾಮೆರಾದ ಬ್ಯಾಟರಿ ಬೇಗ ಇಳಿಯುತ್ತದೆ, ಹೆಚ್ಚಿನದನ್ನು ಒಳಜೇಬಲ್ಲಿ ಇಟ್ಟುಕೊಳ್ಳುತ್ತೇನೆ. ಆದರೆ ಬೆಚ್ಚಗಿನ ಕೋಣೆಗೆ ಬಂದಾಗ ಲೆನ್ಸಿಗೆ ಹನಿ ಕೂರದ ಹಾಗೆ ಏನು ಮಾಡುತ್ತೀರಿ? ಬಿಳಿ ಹಿಮದ ಎದುರು ಹಕ್ಕಿ ಕಪ್ಪಾಗಿ ಬರದಂತೆ ಎಕ್ಸ್‌ಪೋಶರ್ ಎಷ್ಟು ಏರಿಸಬೇಕು? ಬೂಟು ಬಾಡಿಗೆಗೆ ಸಿಗುತ್ತಾ? ನಮ್ಮ ಕಡೆ ಸ್ವೆಟರೇ ಅಪರೂಪ, ಅಲ್ವಾ! ಹಕ್ಕಿ ಗೊತ್ತಿರುವ ಗೈಡ್ ಯಾರಾದರೂ ಇದ್ದರೆ ಇನ್‌ಬಾಕ್ಸಲ್ಲಿ ತಿಳಿಸಿ.