ಪ್ರಶ್ನೋತ್ತರ: ಬಸಿರಾಗುವ ಮೊದಲಿನ ಆರೋಗ್ಯದ ಬಗ್ಗೆ ಜನರಿಗೆ ಎಷ್ಟು ಗೊತ್ತು? ಅಳೆಯುವುದು ಹೇಗೆ?

ಪ್ರಶ್ನೆ (ಎಂ.ಎಸ್ಸಿ. ನರ್ಸಿಂಗ್ ವಿದ್ಯಾರ್ಥಿನಿ):
ಮೇಡಂ, ನಮಸ್ತೆ. ಹೊಸದಾಗಿ ಮದುವೆಯಾದ ಹೆಣ್ಣುಮಕ್ಕಳಿಗೆ ಬಸಿರಾಗುವ ಮೊದಲಿನ ಆರೋಗ್ಯದ ಬಗ್ಗೆ ಎಷ್ಟು ತಿಳಿದಿದೆ ಅನ್ನುವುದು ನನ್ನ ಥೀಸಿಸ್. 30 ಪ್ರಶ್ನೆ ಮಾಡಿದ್ದೇನೆ, ಎಲ್ಲಕ್ಕೂ ಹೌದು/ಇಲ್ಲ ಉತ್ತರ. ಮೊದಲು ಕೆಲವರಿಗೆ ಮಾತ್ರ ಕೊಟ್ಟು ನೋಡಿದ ಪೈಲಟ್‌ನಲ್ಲಿ ಜಾಸ್ತಿ ಜನಕ್ಕೆ 20ರ ಮೇಲೆ ಅಂಕ ಬಂತು. "ಇಷ್ಟೆಲ್ಲ ಗೊತ್ತಿದ್ದರೆ ನೀನು ಪಾಠ ಮಾಡುವುದೇನು?" ಅಂತ ಗೈಡ್ ನಕ್ಕರು. ಒಂದು ಪ್ರಶ್ನೆ ಹೀಗಿದೆ: "ಗರ್ಭಧಾರಣೆಗೆ ಪೂರ್ವದಲ್ಲಿ ಫೋಲಿಕ್ ಆಮ್ಲದ ಸೇವನೆಯು ಅವಶ್ಯಕವಾಗಿದೆ." ಏನು ಬದಲಿಸಲಿ?

ಉತ್ತರ (ಸಮುದಾಯ ಆರೋಗ್ಯ ವೈದ್ಯೆ):
ಸಿಸ್ಟರ್, ಗೈಡ್ ಅನುಮಾನ ಸರಿಯಾಗಿದೆ. ಹೌದು/ಇಲ್ಲ ಇರುವ 30 ಪ್ರಶ್ನೆಗೆ ಓದದೇ ಸುಮ್ನೆ ಟಿಕ್ ಹಾಕಿದರೂ ಸರಾಸರಿ 15 ಬರುತ್ತದೆ. ಇಂಥ ಥೀಸಿಸ್‌ಗಳಲ್ಲಿ 50 ಪರ್ಸೆಂಟ್ ದಾಟಿದವರಿಗೆ "ಸಾಧಾರಣ ತಿಳಿವಳಿಕೆ" ಅಂತ ಬರೆಯುವ ರೂಢಿ ಬೇರೆ. ಏನೂ ಗೊತ್ತಿಲ್ಲದವರಲ್ಲೂ ಹತ್ತಿರ ಹತ್ತಿರ ಅರ್ಧ ಜನ ಅದೃಷ್ಟದ ಮೇಲೇ ಆ ಸಾಲಿಗೆ ಸೇರಿಬಿಡುತ್ತಾರೆ. ನಿಮ್ಮ 30ರಲ್ಲಿ ಎಷ್ಟಕ್ಕೆ ಸರಿಯುತ್ತರ "ಹೌದು" ಅಂತಲೂ ಎಣಿಸಿ ನೋಡಿ. ಬಿಳಿ ಕೋಟು ಹಾಕಿಕೊಂಡು ಕೇಳಿದರೆ ನಮ್ಮವರು ಹೌದು ಅಂತಲೇ ತಲೆಯಾಡಿಸುತ್ತಾರೆ, ಅಲ್ವಾ?

ನೀವು ಕೊಟ್ಟ ಪ್ರಶ್ನೆಯಲ್ಲಿ ಉತ್ತರ ಪ್ರಶ್ನೆಯೊಳಗೇ ಇದೆ. ಭಾಷೆಯೂ ಪಠ್ಯಪುಸ್ತಕದ್ದು. ಇದನ್ನು ಹೀಗೆ ಕೇಳಿ: "ಮಗು ಬೇಕು ಅಂದುಕೊಂಡಿರುವವರು ಫೋಲಿಕ್ ಆಸಿಡ್ ಮಾತ್ರೆ ಯಾವಾಗ ಶುರು ಮಾಡಬೇಕು? ಬಸಿರಾಗುವ ಮೊದಲೇ / ಮುಟ್ಟು ನಿಂತ ಮೇಲೆ / ತಾಯಿ ಕಾರ್ಡ್ ಮಾಡಿಸಿದಾಗ / ವಾಂತಿ ಕಮ್ಮಿಯಾದ ಮೇಲೆ / ಗೊತ್ತಿಲ್ಲ." ಮಾತ್ರೆಯ ಹೆಸರು ಎಲ್ಲರೂ ಕೇಳಿರುತ್ತಾರೆ. ಯಾವಾಗ ಅನ್ನುವುದರಲ್ಲೇ ಎಡವುವುದು. ಮಗುವಿನ ಮೆದುಳು, ಬೆನ್ನುಹುರಿ ಆಗುವ ನಾಳ ಗರ್ಭ ಕಟ್ಟಿದ ಸುಮಾರು 28 ದಿನಕ್ಕೆ ಮುಚ್ಚಿಕೊಳ್ಳುತ್ತದೆ. ಅಷ್ಟು ಹೊತ್ತಿಗೆ ಮುಟ್ಟು ತಪ್ಪಿ ಎರಡು ವಾರ ಆಗಿರುತ್ತದೆ ಅಷ್ಟೇ. ಎಷ್ಟೋ ಜನ ಇನ್ನೂ ಟೆಸ್ಟ್ ಕೂಡ ಮಾಡಿಸಿರುವುದಿಲ್ಲ. ಅದಕ್ಕೇ ದಿನಕ್ಕೆ 400 ಮೈಕ್ರೋಗ್ರಾಂ, ಮಗುವಿಗೆ ಪ್ರಯತ್ನ ಶುರು ಮಾಡುವಾಗಿನಿಂದ ಬಸಿರಿನ 12 ವಾರದವರೆಗೆ ಅನ್ನುವುದು. ಹಿಂದಿನ ಮಗುವಿಗೆ ಬೆನ್ನುಹುರಿಯ ತೊಂದರೆ ಆಗಿದ್ದರೆ ಡೋಸ್ ಹತ್ತು ಪಟ್ಟು, ಅದನ್ನು ಡಾಕ್ಟರೇ ಬರೆದುಕೊಡಬೇಕು.

"ಗೊತ್ತಿಲ್ಲ" ಅನ್ನುವ ಆಯ್ಕೆ ಎಲ್ಲ ಪ್ರಶ್ನೆಗೂ ಇರಲಿ. ಅದಕ್ಕೆ ಸೊನ್ನೆ ಅಂಕ, ಆದರೆ ತಪ್ಪು ಉತ್ತರದ ಜೊತೆ ಸೇರಿಸದೆ ಬೇರೆ ಎಣಿಸಿ. ಗೊತ್ತಿಲ್ಲದವರಿಗೆ ಹೇಳಿಕೊಡುವುದು ಸುಲಭ. ತಪ್ಪಾಗಿ ತಿಳಿದವರದ್ದೇ ಕಷ್ಟ.

ಪ್ರತಿಕ್ರಿಯೆ (ಆಶಾ ಕಾರ್ಯಕರ್ತೆ):
ಡಾಕ್ಟ್ರಮ್ಮ, ಗೊತ್ತಿದ್ದರೂ ನುಂಗುವುದಿಲ್ಲ. ಹೊಸ ಸೊಸೆ ಮಾತ್ರೆ ತಗೊಂಡರೆ "ಏನಮ್ಮ, ಏನಾದರೂ ತೊಂದರೆ ಇದೆಯಾ?" ಅಂತ ಅತ್ತೆ ಕೇಳುತ್ತಾರೆ. ಫಾರಂ ತುಂಬಿಸುವಾಗಲೂ ಅತ್ತೆ ಪಕ್ಕದಲ್ಲೇ ಕೂತಿರುತ್ತಾರೆ. ಅರ್ಧ ಉತ್ತರ ಅವರದ್ದೇ!

ಉತ್ತರ:
ಇದು ಯಾವ ಪುಸ್ತಕದಲ್ಲೂ ಸಿಗದ ಮಾತು ಅಕ್ಕ. ಸಿಸ್ಟರ್, ತಿಳಿದಿರುವುದಕ್ಕೂ ಮಾಡುವುದಕ್ಕೂ ಒಂದೇ ಮೊತ್ತ ಹಾಕಬೇಡಿ. "ಈಗ ತಗೊಳ್ಳುತ್ತಿದ್ದೀರಾ? ಇಲ್ಲದಿದ್ದರೆ ಯಾಕೆ?" ಅಂತ ಬೇರೆ ಭಾಗ ಮಾಡಿ. ಅತ್ತೆಯವರನ್ನು ಒಬ್ಬರು ಬಿ.ಪಿ. ನೋಡಲು ಕರೆದುಕೊಂಡು ಹೋದರೆ ಸೊಸೆ ಹತ್ತು ನಿಮಿಷ ಒಬ್ಬಳೇ ಸಿಗುತ್ತಾಳೆ.

ಪ್ರಶ್ನೆ (ಅದೇ ವಿದ್ಯಾರ್ಥಿನಿ):
ಥ್ಯಾಂಕ್ಸ್ ಮೇಡಂ. ಪ್ರಶ್ನೆಗಳು ಒಂದಕ್ಕೊಂದು ಎಷ್ಟು ಹೊಂದುತ್ತವೆ ಅಂತ ತೋರಿಸುವ ಆಲ್ಫಾ ಸಂಖ್ಯೆ 0.7 ಬರಲೇಬೇಕು ಅನ್ನುತ್ತಾರೆ. ಫೋಲಿಕ್ ಆಸಿಡ್ ಪ್ರಶ್ನೆ ಹೊಸ ರೂಪದಲ್ಲಿ ಕೊಟ್ಟರೆ ಎಲ್ಲರೂ ತಪ್ಪು ಮಾಡುತ್ತಾರೇನೋ. ಆಗ ತೆಗೆದುಬಿಡಲಾ?

ಉತ್ತರ:
ತೆಗೆಯಬೇಡಿ. ಎಲ್ಲರೂ ತಪ್ಪು ಮಾಡಿದರೆ ಆಲ್ಫಾಕ್ಕೆ ಆ ಪ್ರಶ್ನೆಯಿಂದ ಉಪಯೋಗವಿಲ್ಲ, ನಿಜ. ಆದರೆ ನಿಮ್ಮ ಥೀಸಿಸ್‌ನ ಮುಖ್ಯ ವಿಷಯವೇ ಅಲ್ಲಿದೆ. ಸರಿ-ತಪ್ಪು ಅಂಕ ಇದ್ದಾಗ ಈ ಲೆಕ್ಕಕ್ಕೆ ಕೆ.ಆರ್.-20 ಅನ್ನುತ್ತಾರೆ, 0 ಮತ್ತು 1 ಇದ್ದಾಗ ಆಲ್ಫಾ ಕೂಡ ಅದೇ ಸಂಖ್ಯೆ ಕೊಡುತ್ತದೆ. ಅದಕ್ಕಿಂತ ಮುಂಚೆ ಐದಾರು ಜನರ ಮುಂದೆ ಕೂತು "ಈ ಪ್ರಶ್ನೆ ನಿಮಗೆ ಏನಂತ ಅರ್ಥ ಆಯ್ತು?" ಅಂತ ಕೇಳಿ. ಆಮೇಲೆ ನಿಮ್ಮ ಕಾಲೇಜಿನ ಒ.ಬಿ.ಜಿ. (ಹೆರಿಗೆ ಮತ್ತು ಸ್ತ್ರೀರೋಗ ವಿಭಾಗ) ಸಿಸ್ಟರ್‌ಗಳಿಗೂ ಅದೇ ಹಾಳೆ ಕೊಡಿ. ಅವರಿಗೂ ಹೊಸ ಮದುವಣಗಿತ್ತಿಗೂ ಒಂದೇ ಅಂಕ ಬಂದರೆ ಹಾಳೆ ಏನನ್ನೋ ಅಳೆಯುತ್ತಿದೆ, ತಿಳಿವಳಿಕೆಯನ್ನಂತೂ ಅಲ್ಲ.

ಪ್ರತಿಕ್ರಿಯೆ (ಗುಂಪಿನ ಸದಸ್ಯ):
ಗಂಡಂದಿರನ್ನು ಯಾರೂ ಕೇಳುವುದೇ ಇಲ್ಲವಾ?

ಉತ್ತರ:
ಕೇಳಬೇಕು ಸರ್. ಸಿಗರೇಟು, ಗುಟ್ಕಾ, ಕುಡಿತ ಅವರ ಹಾಳೆಯಲ್ಲೇ ಬರಬೇಕು. ತಲಸ್ಸೀಮಿಯಾ (ಅಪ್ಪ ಅಮ್ಮನಿಂದ ಬರುವ ರಕ್ತದ ಕಾಯಿಲೆ) ಪ್ರಶ್ನೆಯೂ ಅಷ್ಟೇ. ಗಂಡ ಹೆಂಡತಿ ಇಬ್ಬರೂ ವಾಹಕರಾಗಿದ್ದರೆ, ಅಂದರೆ ತಮಗೆ ಕಾಯಿಲೆ ಇಲ್ಲದೆಯೂ ಅದರ ಜೀನ್ ಹೊತ್ತಿದ್ದರೆ, ಪ್ರತಿ ಬಸಿರಿನಲ್ಲೂ ಮಗುವಿಗೆ ಕಾಯಿಲೆ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಸೋದರಮಾವನನ್ನೋ ಅತ್ತೆ ಮಗನನ್ನೋ ಮದುವೆಯಾಗುವ ಕಡೆ ಇದು ಇನ್ನೂ ಮುಖ್ಯ.

ಪ್ರಶ್ನೆ (ವಿದ್ಯಾರ್ಥಿನಿ):
ಕೊನೆಯದಾಗಿ ಮೇಡಂ, ಫಾರಂ ತುಂಬಿದ ಮೇಲೆ "ಸರಿ ಉತ್ತರ ಏನು?" ಅಂತ ಕೇಳುತ್ತಾರೆ. ಹೇಳಬಹುದಾ?

ಉತ್ತರ:
ಪಾಠ ಮಾಡಿ ಮತ್ತೆ ಪರೀಕ್ಷೆ ತಗೊಳ್ಳುವ ಹಾಗಿದ್ದರೆ ಪಾಠದ ಹೊತ್ತಿಗೆ ಹೇಳುತ್ತೇನೆ ಅನ್ನಿ. ಒಮ್ಮೆ ಮಾತ್ರ ಕೇಳುವುದಾದರೆ ಹಾಳೆ ಕೈಗೆ ಬಂದ ಕೂಡಲೇ ಹೇಳಿ. ಆದರೆ ಶುಗರ್, ಥೈರಾಯ್ಡ್ ಇದೆ ಅಥವಾ ಫಿಟ್ಸ್ ಮಾತ್ರೆ ನುಂಗುತ್ತಿದ್ದೇನೆ ಅಂತ ಯಾರಾದರೂ ಬರೆದಿದ್ದರೆ ಥೀಸಿಸ್ ಪಕ್ಕಕ್ಕಿಡಿ. ಮಗುವಿಗೆ ಪ್ರಯತ್ನಿಸುವ ಮೊದಲು ಡಾಕ್ಟರನ್ನು ನೋಡಿ ಅಂತ ಅವತ್ತೇ ಹೇಳಿ ಕಳಿಸಿ. ಫಿಟ್ಸ್‌ಗೆ ಕೊಡುವ ವಾಲ್‌ಪ್ರೊಯೇಟ್ ಮಗುವಿನ ಬೆನ್ನುಹುರಿಗೆ ತೊಂದರೆ ಮಾಡಬಲ್ಲದು, ಬದಲಿಸುವುದಿದ್ದರೆ ಡಾಕ್ಟರು ಮುಂಚೆಯೇ ಬದಲಿಸಬೇಕು. ತಾವಾಗೇ ಮಾತ್ರೆ ನಿಲ್ಲಿಸಬೇಡಿ ಅನ್ನುವುದನ್ನೂ ಅಲ್ಲೇ ಸೇರಿಸಿ ಹೇಳಿ.